ಪದಚರ್ಚೆ: ‘ಪೋರ್ಟಬಲ್’ ಅಂದರೆ ಒಯ್ಯುವುದೋ, ಒಗ್ಗುವುದೋ?

ಬಳಗದ ಎಲ್ಲರಿಗೂ ನಮಸ್ಕಾರ.

ತಂತ್ರಾಂಶದ ವಿಷಯದಲ್ಲಿ ‘ಪೋರ್ಟಬಲ್’ ಎನ್ನುವುದಕ್ಕೆ ಕನ್ನಡದಲ್ಲಿ ಏನು ಬರೆಯುತ್ತೀರಿ? ‘ಒಯ್ಯಬಹುದಾದ’ ಎಂದು ಥಟ್ಟನೆ ಉತ್ತರಿಸುವ ಮುಂಚೆ ಸ್ವಲ್ಪ ತಾಳಿ. ಆ ಒಂದು ಪದದೊಳಗೆ ಎರಡು ಬೇರೆ ಬೇರೆ ಸಂಗತಿಗಳು ಕೂತಿವೆ, ತೊಡಕು ಅಲ್ಲೇ ಇದೆ.

ಸಂದರ್ಭ ಹೇಳಿಬಿಡುತ್ತೇನೆ. ಚಾಮರಾಜಪೇಟೆಯಲ್ಲಿ ಹಿರಿಯರಿಗಾಗಿ ನಡೆಯುವ ಕಂಪ್ಯೂಟರ್ ತರಗತಿಗೆ ಲಿಬ್ರೆಆಫೀಸ್ (ಪತ್ರ, ಲೆಕ್ಕದ ಹಾಳೆ ಮುಂತಾದವನ್ನು ಮಾಡುವ ಮುಕ್ತ ತಂತ್ರಾಂಶ) ಕೈಪಿಡಿ ಬರೆಯುತ್ತಿದ್ದೇನೆ. ಬರುವವರು ಹೆಚ್ಚಾಗಿ ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನಲ್ಲಿದ್ದವರು. ತರಗತಿಯಲ್ಲಿರುವುದು ಉಬುಂಟು ಎಂಬ ಲಿನಕ್ಸ್, ಅವರ ಮನೆಯಲ್ಲಿ ವಿಂಡೋಸ್. ಒಬ್ಬಿಬ್ಬರ ಹತ್ತಿರ, ವೈಟ್‌ಫೀಲ್ಡ್ ಕಡೆ ಕೆಲಸದಲ್ಲಿರುವ ಮಕ್ಕಳು ಹೊಸದು ಕೊಂಡಾಗ ಬಿಟ್ಟುಕೊಟ್ಟ ಹಳೆಯ ಮ್ಯಾಕ್ ಇದೆ. “ಇದನ್ನ ಪೆನ್‌ಡ್ರೈವ್‌ಗೆ ಹಾಕ್ಕೊಡಿ ಸಾರ್, ಮನೇಲೂ ಮಾಡ್ಕೊತೀನಿ” ಅನ್ನುತ್ತಾರೆ. ಅದಕ್ಕೇ ಕೈಪಿಡಿಯಲ್ಲಿ ಈ ಅಧ್ಯಾಯ.

ಈಗ ನೋಡಿ. ಲಿಬ್ರೆಆಫೀಸ್‌ಗೆ ‘ಪೋರ್ಟಬಲ್’ ಎಂದೇ ಹೆಸರಿಟ್ಟ ಒಂದು ಆವೃತ್ತಿ ಇದೆ. ಇನ್‌ಸ್ಟಾಲ್ ಮಾಡಬೇಕಿಲ್ಲ, ಪೆನ್‌ಡ್ರೈವ್‌ನಲ್ಲಿ ಒಂದು ಫೋಲ್ಡರ್ ಆಗಿ ಕೂರುತ್ತದೆ. ಅದರೊಳಗೆ ‘ಆ್ಯಪ್’ ಎಂಬ ಕಡೆ ಪ್ರೋಗ್ರಾಂ, ‘ಡೇಟಾ’ ಎಂಬ ಕಡೆ ನಿಮ್ಮ ಸೆಟ್ಟಿಂಗುಗಳು. ಯಾರ ಕಂಪ್ಯೂಟರಿಗೆ ಚುಚ್ಚಿದರೂ ನಿಮ್ಮ ಟೂಲ್‌ಬಾರ್, ನಿಮ್ಮ ಆಟೋಕರೆಕ್ಟ್ ಪಟ್ಟಿ ಜೊತೆಯಲ್ಲೇ ಬರುತ್ತವೆ. ಆದರೆ ಆ ಕಂಪ್ಯೂಟರಿನಲ್ಲಿ ವಿಂಡೋಸ್ ಇರಲೇಬೇಕು! ಉಬುಂಟುವಿನಲ್ಲಿ ಅದೇ ಇಎಕ್ಸ್‌ಇ ಕಡತವನ್ನು (ವಿಂಡೋಸ್‌ನಲ್ಲಿ ಪ್ರೋಗ್ರಾಂ ಶುರುಮಾಡುವ ಕಡತ) ಎರಡು ಸಲ ಒತ್ತಿದರೆ ಏನೂ ಓಡುವುದಿಲ್ಲ. ಮ್ಯಾಕ್‌ನಲ್ಲೂ ಅಷ್ಟೇ.

ಇನ್ನೊಂದು ಅರ್ಥದಲ್ಲಿ ಪೋರ್ಟಬಲ್ ಆಗಿರುವುದು ಮಾಮೂಲಿ ಲಿಬ್ರೆಆಫೀಸೇ. ಬಹುಪಾಲು ಸಿ++ ಭಾಷೆಯಲ್ಲಿರುವ ಒಂದೇ ಆಕರ ಸಂಕೇತವನ್ನು (ಸೋರ್ಸ್ ಕೋಡ್) ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಬೇರೆ ಬೇರೆಯಾಗಿ ಕಂಪೈಲ್ ಮಾಡುತ್ತಾರೆ, ಅಂದರೆ ಆಯಾ ವ್ಯವಸ್ಥೆಯಲ್ಲಿ ಓಡುವ ರೂಪಕ್ಕೆ ತರುತ್ತಾರೆ. ಇದು ಇದರ ವಂಶದ ಗುಣ. 1999ರಲ್ಲಿ ಸನ್ ಕಂಪನಿ ಕೊಂಡ ಜರ್ಮನಿಯ ಸ್ಟಾರ್‌ಆಫೀಸ್, ಮರುವರ್ಷ ಮುಕ್ತವಾದ ಓಪನ್‌ಆಫೀಸ್, 2010ರಲ್ಲಿ ಅದರಿಂದ ಕವಲೊಡೆದ ಲಿಬ್ರೆಆಫೀಸ್, ಎಲ್ಲವೂ ಹಲವು ವ್ಯವಸ್ಥೆಗಳಲ್ಲಿ ಓಡಿದವೇ. ಅಂದರೆ ಜೇಬಿನಲ್ಲಿ ಒಯ್ಯುವಂಥದ್ದು ಮೂರು ಕಡೆ ಓಡದು. ಮೂರು ಕಡೆ ಓಡುವಂಥದ್ದನ್ನು ಆಯಾ ಕಂಪ್ಯೂಟರಿಗೆ ಬೇರೆಯಾಗಿಯೇ ಹಾಕಬೇಕು. ಎರಡಕ್ಕೂ ‘ಪೋರ್ಟಬಲ್’ ಅಂತಲೇ ಬರೆದರೆ ನಮ್ಮ ಮೇಷ್ಟ್ರುಗಳು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾರೆ.

ಮೊದಲನೆಯ ಅರ್ಥಕ್ಕೆ ನಾನು ತೂಗಿ ನೋಡಿದ ಪದಗಳು ಇವು. ‘ಸಂಚಾರಿ’ ಚೆನ್ನಾಗಿದೆ, ಆದರೆ ಅದು ಆಗಲೇ ಮೊಬೈಲ್ ಫೋನಿಗೆ, ಊರೂರು ಸುತ್ತುವ ಗ್ರಂಥಾಲಯಕ್ಕೆ ಹೋಗಿದೆ. ‘ಚರ’ ಎಂದರೆ ಗಣಿತದವರು ಬೇರೆಯೇ ತಿಳಿಯುತ್ತಾರೆ. ‘ಸುವಾಹ್ಯ’ ನಿಘಂಟಿನಿಂದ ಹೊರಗೆ ಬರಲು ಒಪ್ಪುವುದಿಲ್ಲ. ತರಗತಿಯ ಅಮ್ಮ ಒಬ್ಬರು “ಬುತ್ತಿ ಕಟ್ಟಿಕೊಂಡು ಹೋದ ಹಾಗೆ ಅನ್ನಿ” ಎಂದರು. ಬೇಕಾದ್ದೆಲ್ಲ ಒಂದೇ ಗಂಟಿನಲ್ಲಿ, ಹೋದಲ್ಲಿ ಬಿಚ್ಚುವುದು, ಮುಗಿದ ಮೇಲೆ ಎತ್ತಿಕೊಂಡು ಬರುವುದು. ‘ಬುತ್ತಿ ಆವೃತ್ತಿ’ ನನಗಂತೂ ಹಿಡಿಸಿತು. ಅಚ್ಚಿನಲ್ಲಿ ನೋಡಿದವರು ನಗುತ್ತಾರೇನೋ! ಅಂಜಿಕೆಗೆ ‘ಒಯ್ಯು ಆವೃತ್ತಿ’ಯನ್ನೂ ಇಟ್ಟುಕೊಂಡಿದ್ದೇನೆ.

ಎರಡನೆಯದಕ್ಕೆ ‘ಬಹುವೇದಿಕೆಯ’ ಎಂದು ಬರೆಯುವವರಿದ್ದಾರೆ. ಅದು ವಿಶೇಷಣವಾಗಿ ಸರಿ, ಆದರೆ ಕ್ರಿಯಾಪದ ಬೇಕಾದಾಗ ಕೈಕೊಡುತ್ತದೆ. ಲಿನಕ್ಸ್‌ಗೆ ‘ಬಹುವೇದಿಕೆ ಮಾಡಿದರು’ ಅನ್ನಲಾದೀತೇ? ನನ್ನ ಒಲವು ‘ಒಗ್ಗು’ ಧಾತುವಿನ ಕಡೆ. “ಈ ಊರಿನ ನೀರು ನನಗೆ ಒಗ್ಗಲಿಲ್ಲ” ಎನ್ನುತ್ತೇವಲ್ಲ, ಅದೇ. ‘ಲಿನಕ್ಸ್‌ಗೆ ಒಗ್ಗಿಸಿದರು’, ‘ಮ್ಯಾಕ್‌ಗೆ ಒಗ್ಗಿಸಿದ ಆವೃತ್ತಿ’, ‘ಒಗ್ಗುವ ತಂತ್ರಾಂಶ’. ಕ್ರಿಯಾಪದ, ವಿಶೇಷಣ ಎರಡೂ ಒಂದೇ ಬೇರಿನಿಂದ ಬರುತ್ತವೆ.

ಒಂದು ಕಡೆ ಮಾತ್ರ ಅನುಮಾನ. ವೈನ್ ಎಂಬ ತಂತ್ರಾಂಶವಿದೆ, 1993ರಲ್ಲಿ ಶುರುವಾದದ್ದು. ವಿಂಡೋಸ್ ಪ್ರೋಗ್ರಾಂ ಕೇಳುವ ಸೇವೆಗಳನ್ನು ಲಿನಕ್ಸ್‌ನಲ್ಲೋ ಮ್ಯಾಕ್‌ನಲ್ಲೋ ಒದಗಿಸಿಕೊಟ್ಟು ಅದನ್ನು ಓಡಿಸುತ್ತದೆ. ಮೇಲೆ ಹೇಳಿದ ಬುತ್ತಿಯನ್ನೂ ಹೀಗೆ ಬಿಚ್ಚಲು ಯತ್ನಿಸಬಹುದು. ಇಲ್ಲಿ ಪ್ರೋಗ್ರಾಂ ಒಂದಕ್ಷರವೂ ಬದಲಾಗಿಲ್ಲ, ಅದರ ಸುತ್ತಲಿನ ಪರಿಸರವನ್ನು ಬದಲಿಸಿದ್ದು. ಹಾಗಾಗಿ ವೈನ್‌ಗೆ ‘ಒಗ್ಗಿಸು’ ಬಳಸಬಾರದು ಎಂಬುದು ನನ್ನ ಎಣಿಕೆ. ಒಪ್ಪುತ್ತೀರಾ?

‘ಪೋರ್ಟ್ ಮಾಡು’ ಅಂತಲೇ ಬರೆದರೇನು ಎಂದು ಕೇಳುವವರಿಗೆ: 2011ರ ಜನವರಿಯಲ್ಲಿ ನಂಬರ್ ಉಳಿಸಿಕೊಂಡೇ ಮೊಬೈಲ್ ಕಂಪನಿ ಬದಲಿಸುವ ಸೌಲಭ್ಯ ದೇಶವಿಡೀ ಬಂದ ಮೇಲೆ, ತರಕಾರಿ ಅಂಗಡಿಯವರೂ “ಪೋರ್ಟ್ ಮಾಡಿಸ್ಕೊಂಡೆ” ಅನ್ನುತ್ತಾರೆ. ಅಲ್ಲಿ ವಸ್ತು ಅದೇ ಇದ್ದು ಯಜಮಾನ ಬದಲಾಗುತ್ತಾನೆ. ತಂತ್ರಾಂಶದಲ್ಲಿ ವಸ್ತುವನ್ನೇ ತಿದ್ದಬೇಕು. ಗೊಂದಲ ಬೇಡ ಎಂದು ಬಿಟ್ಟೆ.

ಪಿಡಿಎಫ್‌ನ ಮೊದಲಕ್ಷರವೂ ಇದೇ ಪೋರ್ಟಬಲ್, 1993ರದ್ದು. ಅಲ್ಲಿ ಅರ್ಥ ಮೂರನೆಯದು: ಎಲ್ಲಿ ತೆರೆದರೂ ಕಾಣುವ ರೂಪ ಕೆಡಬಾರದು. ಕನ್ನಡದವರಿಗೆ ಇದರ ಬೆಲೆ ಹೇಳಬೇಕಿಲ್ಲ. ಯೂನಿಕೋಡ್‌ಗೆ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಒಂದೇ ಸಂಕೇತಪಟ್ಟಿ) ಮುಂಚಿನ ನುಡಿ ಫಾಂಟ್‌ನಲ್ಲಿ ಟೈಪಿಸಿದ ‘ಕನ್ನಡ’ ಎಂಬ ಪದವನ್ನು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ರೋಮನ್ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಗುರುತು, ನಡುವೆ ಒಂದು ಕ್ಯೂ! ಯೂನಿಕೋಡ್ ಕಡತವಾದರೆ ಅಕ್ಷರ ಉಳಿಯುತ್ತದೆ, ಆದರೆ ವಿಂಡೋಸ್‌ನ ತುಂಗಾ ಫಾಂಟ್ ಇಲ್ಲದ ಕಡೆ ಬೇರೆ ಫಾಂಟ್ ಬಂದು ಸಾಲುಗಳು ಜಾರುತ್ತವೆ. ಲಿಬ್ರೆಆಫೀಸ್‌ನಲ್ಲಿ ಕಡತದ ಪ್ರಾಪರ್ಟೀಸ್‌ಗೆ ಹೋಗಿ ಫಾಂಟನ್ನೂ ಒಳಗೇ ಸೇರಿಸಿಡಬಹುದು. ಈ ಮೂರನೆಯ ಅರ್ಥಕ್ಕೆ ನನಗೆ ಯಾವ ಪದವೂ ಹೊಳೆದಿಲ್ಲ.

ಅಂದ ಹಾಗೆ, ಲಿಬ್ರೆಆಫೀಸ್‌ನಂಥವಕ್ಕೆ ‘ಕಚೇರಿ ತಂತ್ರಾಂಶ’ ಎಂದು ಸೂಚಿಸಬೇಡಿ. ಚಾಮರಾಜಪೇಟೆಯಲ್ಲಿ ಕಚೇರಿ ಎಂದರೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತ. ತಂಬೂರಿ ಶ್ರುತಿ ಮಾಡುವ ಆ್ಯಪ್ ಅಂದುಕೊಳ್ಳುತ್ತಾರೆ.

ಕೇಳಬೇಕಾದ್ದು ಇಷ್ಟು. ಧಾರವಾಡ, ಕಲಬುರಗಿ ಕಡೆ ‘ಒಗ್ಗು’ ಇದೇ ಅರ್ಥದಲ್ಲಿ ಬಳಕೆಯಲ್ಲಿದೆಯೇ, ಅಥವಾ ‘ಹೊಂದು’ ಎನ್ನುತ್ತೀರೋ? ‘ಒಗ್ಗಿಸು’ ಎಂಬುದನ್ನು ತಾಂತ್ರಿಕ ಬರಹದಲ್ಲಿ ಯಾರಾದರೂ ಆಗಲೇ ಬೇರೆ ಅರ್ಥಕ್ಕೆ ಬಳಸಿದ್ದಾರೆಯೇ? ಮೂರನೆಯ ಅರ್ಥಕ್ಕೆ ಏನಾದರೂ ಹೊಳೆದರೆ ಒಂದು ಉದಾಹರಣೆ ವಾಕ್ಯದ ಜೊತೆ ಬರೆಯಿರಿ, ಬರೀ ಪದ ಕಳಿಸಿದರೆ ಕೈಪಿಡಿಯಲ್ಲಿ ಕೂರಿಸುವುದು ಕಷ್ಟ.