ಸಹಾಯ ಬೇಕು: ಥರ್ಮಸ್ ಬ್ಯಾಕ್ಟೀರಿಯಾದಲ್ಲಿ ಜೀನ್ ತೆಗೆದರೂ ಹಳದಿ ಬಣ್ಣ ಹೋಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಥರ್ಮಸ್ ಥರ್ಮೋಫಿಲಸ್ ಎಚ್‌ಬಿ8 ಜೊತೆ ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ಜಪಾನಿನ ಇಜು ಕಡೆಯ ಬಿಸಿನೀರಿನ ಬುಗ್ಗೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಇದು. 70 ಡಿಗ್ರಿಯಲ್ಲೂ ಆರಾಮಾಗಿ ಬೆಳೆಯುತ್ತದೆ.

ಅದರ ಹಳದಿ ಬಣ್ಣಕ್ಕೆ ಬೇಕಾದ ಸಿಆರ್‌ಟಿ-ಬಿ ಜೀನ್ ತೆಗೆದು, ಆ ಜಾಗದಲ್ಲಿ ಕ್ಯಾನಮೈಸಿನ್ (ಬ್ಯಾಕ್ಟೀರಿಯಾ ಕೊಲ್ಲುವ ಆ್ಯಂಟಿಬಯಾಟಿಕ್) ತಡೆಯುವ ಜೀನ್ ಕೂರಿಸುತ್ತಿದ್ದೇನೆ. ಮಾಮೂಲಿ ಜೀನ್ ಅಲ್ಲ, ಮಾಮೂಲಿಯದರ ಪ್ರೋಟೀನ್ ಈ ಬಿಸಿಗೆ ಕೆಟ್ಟುಹೋಗುತ್ತದೆ. ಇದು ಶಾಖ ತಾಳುವಂತೆ ಬದಲಾಯಿಸಿದ್ದು. ಡಿಎನ್‌ಎ ಒಳಗೆ ಸೇರಿಸುವುದಂತೂ ಸುಲಭ. ಬೆಳೆಯುತ್ತಿರುವ ಕಲ್ಚರ್‌ಗೆ ಸುಮ್ನೆ ಬೆರೆಸಿದರೆ ತಾನೇ ಎಳೆದುಕೊಳ್ಳುತ್ತದೆ. ಲ್ಯಾಬಿನ ಮಾಮೂಲಿ ಬ್ಯಾಕ್ಟೀರಿಯಾ ಇ. ಕೋಲೈ ಜೊತೆ ಒದ್ದಾಡಿದವರಿಗೆ ಇದು ಹಬ್ಬವೇ!

ತೊಂದರೆ ಶುರುವಾಗುವುದು ಆಮೇಲೆ. ಕ್ಯಾನಮೈಸಿನ್ ಪ್ಲೇಟಿನಲ್ಲಿ ಕಾಲೊನಿಗಳು ಬರುತ್ತವೆ, ಆದರೆ ಬಿಳಿ ಅಲ್ಲ, ಹಳದಿಯೇ. ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಮಾಡಿದರೆ ಜೆಲ್‌ನಲ್ಲಿ ಎರಡು ಪಟ್ಟಿ: ಹೊಸ ಜೀನಿನದೂ ಇದೆ, ಹಳೆಯದೂ ಇದೆ. ಈ ಜೀವಿಯ ಒಂದೊಂದು ಕೋಶದಲ್ಲಿ ಕ್ರೋಮೋಸೋಮ್‌ನ 4-5 ಪ್ರತಿ ಇರುತ್ತವೆ. ಸಿಆರ್‌ಟಿ-ಬಿ ಇರುವ ದೊಡ್ಡ ಪ್ಲಾಸ್ಮಿಡ್‌ಗೂ (ಕ್ರೋಮೋಸೋಮ್‌ನಿಂದ ಬೇರೆಯಾಗಿರುವ ಡಿಎನ್‌ಎ ಉಂಗುರ) ಅದೇ ಕಥೆ. ಒಂದೆರಡು ಪ್ರತಿ ಮಾತ್ರ ಬದಲಾಗಿ ಉಳಿದವು ಹಾಗೇ ಇವೆ ಅಂತ ನನ್ನ ಅನುಮಾನ. ಸರಿ ಅಲ್ವಾ?

ಹಳೆಯ ಪ್ರತಿಗಳನ್ನು ಪೂರ್ತಿ ಹೊರಹಾಕಲು ನೀವು ಏನು ಮಾಡಿದಿರಿ? ಕ್ಯಾನಮೈಸಿನ್ ಜಾಸ್ತಿ ಮಾಡುತ್ತಾ ಹೋಗಬೇಕಾ, ಇಲ್ಲ ಅದೇ ಪ್ರಮಾಣದಲ್ಲಿ ಮತ್ತೆ ಮತ್ತೆ ಸ್ಟ್ರೀಕ್ ಮಾಡಿದರೆ (ಹೊಸ ಪ್ಲೇಟಿನ ಮೇಲೆ ಗೆರೆ ಎಳೆದು ಹರಡಿದರೆ) ಸಾಕಾ?

ಇನ್ನೊಂದು ಸಣ್ಣ ವಿಷಯ. 70 ಡಿಗ್ರಿಯಲ್ಲಿ ಅಗರ್ ಪ್ಲೇಟ್ ಒಣಗಿ ಹಪ್ಪಳ ಆಗುತ್ತಿದೆ. ಅಗರ್ ಬದಲು ಜೆಲ್ಲಾನ್ ಗಮ್ ಬಳಸುವವರು ಎಷ್ಟು ಹಾಕುತ್ತೀರಿ, ಯಾವ ಲವಣ ಸೇರಿಸುತ್ತೀರಿ, ಹೇಳಿ ಪ್ಲೀಸ್.