ಅಪ್‌ಡೇಟ್: ಮಾಟುಂಗದಲ್ಲೇ ಸಿಕ್ಕಿದ ಫೋಟೋಗಳು

ಮುಂಬೈಯ ಗದ್ದಲದಲ್ಲಿ, ಬರೀ ಮೊಬೈಲ್ ಹಿಡಿದು ಚೆಂದದ ಫೋಟೋ ಎಲ್ಲಿ ಹುಡುಕಲಿ ಅಂತ ಹೋದ ತಿಂಗಳು ಕೇಳಿದ್ದೆ. "ಎಲ್ಲಿಗೂ ಹೋಗಬೇಡಿ, ಒಂದೇ ಜಾಗಕ್ಕೆ ಹತ್ತು ದಿನ ಹೋಗಿ" ಅಂತ ಒಬ್ಬರು ಹೇಳಿದ್ರು. ಹಾಗೇ ಮಾಡಿದೆ.

ಮಾಟುಂಗ ಸ್ಟೇಷನ್ ಹತ್ತಿರದ ಹೂವಿನ ಗಲ್ಲಿ. ಬೆಳಗ್ಗೆ ಏಳಕ್ಕೆ. ಮೊದಲ ಮೂರು ದಿನ ಬರೀ ಹೂವಿನ ರಾಶಿ ತೆಗೆದೆ, ಎಲ್ಲವೂ ಕ್ಯಾಲೆಂಡರ್ ಚಿತ್ರದ ಹಾಗಿತ್ತು. ನಾಲ್ಕನೇ ದಿನ ಒಬ್ಬ ಅಜ್ಜಿ ಬಾಳೆ ಎಲೆಗೆ ನೀರು ಚಿಮುಕಿಸಿ ಎತ್ತಿ ಹಿಡಿದರು. ಹಿಂದಿನಿಂದ ಬಿಸಿಲು. ಎಲೆಯ ಒಂದೊಂದು ಗೀರೂ ಕಾಣ್ತಿತ್ತು, ಅಂಚಿನಲ್ಲಿ ಒಂದು ಹನಿ ತೂಗ್ತಿತ್ತು. ಅಜ್ಜಿಯನ್ನು ಕೇಳಿ, ತೀರಾ ಹತ್ತಿರ ಹೋದೆ. ಸ್ಕ್ರೀನ್ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಇಳಿಸಿದೆ. ಹಸಿರು ಒಳಗಿನಿಂದಲೇ ಉರಿಯುವ ಹಾಗೆ ಬಂತು! ನಾನು ತೆಗೆದದ್ದರಲ್ಲಿ ಇದೇ ಬೆಸ್ಟ್.

ಮುಂಬೈಯದೇ ಶಿವಡಿ ಕಡಲ ತೀರದ ಫ್ಲೆಮಿಂಗೋ ಹಕ್ಕಿಗಳನ್ನೂ ನೋಡಿ ಬಂದೆ. ನೀರು ತೀರಾ ಇಳಿದಿತ್ತು, ಹಕ್ಕಿಗಳು ಕೆಸರಿನಲ್ಲಿ ದೂರ ಮೇಯ್ತಿದ್ವು. ಮೊಬೈಲಿಗೆ ಬರೀ ಗುಲಾಬಿ ಚುಕ್ಕಿ. ಉಬ್ಬರ ಏರುವಾಗ ಅವು ದಡದ ಕಡೆ ಬರುತ್ತವಂತೆ, ಸಮಯ ನೋಡಿಕೊಂಡೇ ಹೋಗಬೇಕಿತ್ತು.

ಆದರೆ ವಾಪಸ್ ಬರುವಾಗ ಲೋಕಲ್ ಟ್ರೇನಿನ ಕಿಟಕಿಯ ಸರಳುಗಳ ನೆರಳು ಎದುರಿನವರ ಹಳದಿ ಸೀರೆ ಮೇಲೆ ಬಿದ್ದಿತ್ತು. ಮುಖ ಬರದ ಹಾಗೆ ಬರೀ ಮಡಿಲು, ನೆರಳು ತೆಗೆದೆ. ಅವರಿಗೂ ತೋರಿಸಿದೆ, ಕಳಿಸಿ ಅಂದ್ರು.

ನಾಳೆಯಿಂದ ಬಾಣಗಂಗಾ ಕೆರೆಯ ಮೆಟ್ಟಿಲು, ಮತ್ತೆ ಹತ್ತು ದಿನ. ಸಲಹೆ ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್.