ಪದಚರ್ಚೆ: ‘ಕ್ಲೈಂಟ್ ಎನ್‌ಕೋಡಿಂಗ್’ ಎಂಬುದಕ್ಕೆ ‘ಗ್ರಾಹಕ ಸಂಕೇತೀಕರಣ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಡೇಟಾಬೇಸ್ ಜೊತೆ ಮಾತಾಡುವ ಒಂದು ಲೈಬ್ರರಿಯ, ಅಂದರೆ ಸಿದ್ಧ ಕೋಡ್ ಕಂತೆಯ, ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. (‘ಲೈಬ್ರರಿ’ಯನ್ನು ಹಾಗೇ ಬಿಟ್ಟೆ. ‘ಗ್ರಂಥಾಲಯ’ ಎಂದು ಬರೆದು ನಾನೇ ನಕ್ಕೆ.) ಸಿಕ್ಕಿಕೊಂಡಿರುವುದು ‘ಕ್ಲೈಂಟ್ ಎನ್‌ಕೋಡಿಂಗ್’ ಹತ್ತಿರ. (ಎನ್‌ಕೋಡಿಂಗ್ ಎಂದರೆ ಅಕ್ಷರಗಳನ್ನು ಬೈಟ್‌ಗಳಾಗಿ, ಅಂದರೆ ಕಂಪ್ಯೂಟರ್ ಇಟ್ಟುಕೊಳ್ಳುವ ಸಂಖ್ಯೆಗಳಾಗಿ, ಬರೆಯುವ ರೀತಿ.)

ಮೊದಲ ಕರಡಿನಲ್ಲಿ ‘ಗ್ರಾಹಕ ಸಂಕೇತೀಕರಣವನ್ನು ಬದಲಿಸಿ’ ಎಂದಿದ್ದೆ. ಓದಿದ ಗೆಳೆಯರೊಬ್ಬರು ಕೇಳಿದರು: “ಇದನ್ನು ಓಡಿಸಿದರೆ ಗಿರಾಕಿಗಳ ಮಾಹಿತಿಯೆಲ್ಲ ಗುಪ್ತವಾಗಿಬಿಡುತ್ತಾ? ಮೊದಲು ಬ್ಯಾಕಪ್ ತೆಗೆದಿಟ್ಟುಕೊಳ್ಳಲಾ?” ಮೂರು ಪದ ಬರೆದಿದ್ದೆ, ಮೂರೂ ದಾರಿ ತಪ್ಪಿಸಿದ್ದವು. ಗ್ರಾಹಕ ಎಂದರೆ ದುಡ್ಡು ಕೊಟ್ಟು ಕೊಳ್ಳುವವನು. ಸಂಕೇತ ಎಂದೊಡನೆ ಗುಟ್ಟಿನ ನೆನಪು. ‘ಬದಲಿಸಿ’ ಎಂದರೆ ಒಳಗಿಟ್ಟಿದ್ದೇ ಬದಲಾಗುತ್ತದೆ ಎಂಬ ಭಯ.

ನಿಜಕ್ಕೂ ಅಲ್ಲಿ ಏನೂ ಬದಲಾಗುವುದಿಲ್ಲ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಕ್ಲೈಂಟ್ ಎನ್‌ಕೋಡಿಂಗ್ ಎಂದರೆ ನಮ್ಮ ಪ್ರೋಗ್ರಾಂ (ಅದೇ ಕ್ಲೈಂಟ್) ಡೇಟಾಬೇಸ್ ನಡೆಸುವ ಸರ್ವರ್‌ಗೆ ಹೇಳುವ ಒಂದು ಮಾತು, ಅಷ್ಟೇ: “ನಾನು ಕಳಿಸುವ ಬೈಟ್‌ಗಳನ್ನು ಹೀಗೆ ಓದಿಕೋ, ನನಗೂ ಹೀಗೇ ಕಳಿಸು.” ಆ ಸಂಪರ್ಕ ಮುಗಿದರೆ ಮಾತೂ ಮುಗಿಯಿತು. ಡೇಟಾಬೇಸ್ ತನ್ನೊಳಗೆ ಯಾವ ಪದ್ಧತಿಯಲ್ಲಿ ಇಟ್ಟುಕೊಂಡಿದೆಯೋ ಅದು ಬೇರೆ. ನಡುವೆ ಅನುವಾದ ಮಾಡುವುದು ಸರ್ವರ್ ಕೆಲಸ.

ಸುಳ್ಳು ಹೇಳಿದರೆ ಮಾತ್ರ ಕಷ್ಟ. ಪ್ರೋಗ್ರಾಂ ಕಳಿಸುವುದು ಯುಟಿಎಫ್-8, ಹೇಳಿಕೊಂಡಿರುವುದು ಲ್ಯಾಟಿನ್-1 ಎಂದಿಟ್ಟುಕೊಳ್ಳಿ (ಎರಡೂ ಎನ್‌ಕೋಡಿಂಗ್‌ಗಳೇ, ಲ್ಯಾಟಿನ್-1ರಲ್ಲಿ ಅಕ್ಷರಕ್ಕೆ ಒಂದೇ ಬೈಟ್). ‘ಕ’ ಯುಟಿಎಫ್-8ರಲ್ಲಿ 3 ಬೈಟ್. ಸರ್ವರ್ ಅದನ್ನು ಮೂರು ಬೇರೆ ಬೇರೆ ಅಕ್ಷರ ಎಂದು ನಂಬಿ ಇಟ್ಟುಕೊಳ್ಳುತ್ತದೆ. ತಮಾಷೆ ಏನೆಂದರೆ, ಅದೇ ಸುಳ್ಳು ಹೇಳಿಕೊಂಡು ವಾಪಸ್ ಓದಿದರೆ ಕನ್ನಡ ಸರಿಯಾಗೇ ಕಾಣುತ್ತದೆ! ನಿಜ ಹೇಳುವ ಇನ್ನೊಂದು ಪ್ರೋಗ್ರಾಂ ಬಂದು ಓದಿದಾಗಲೇ ಬಣ್ಣ ಬಯಲಾಗುವುದು. ಪಾಪ, ಬೈಗುಳ ತಿನ್ನುವುದೂ ಅದೇ.

ಹಾಗಾಗಿ ನನ್ನ ತಕರಾರು ಇರುವುದು ‘ಈಕರಣ’ದ ಮೇಲೆ. ಶುದ್ಧೀಕರಣ, ವಿದ್ಯುದೀಕರಣ ಎಲ್ಲವೂ ಮಾಡುವ ಕೆಲಸಗಳು. ಇಂಗ್ಲಿಷಿನ ‘ಎನ್‌ಕೋಡಿಂಗ್’ ಕೆಲಸವೂ ಹೌದು, ಆ ಕೆಲಸದ ರೀತಿಯ ಹೆಸರೂ ಹೌದು. ಇಲ್ಲಿ ಬೇಕಿರುವುದು ಎರಡನೆಯದು. ನನಗೆ ತೋಚಿದ್ದು ‘ಅಕ್ಷರ ಪದ್ಧತಿ’. ‘ಅಕ್ಷರಮಾಲೆ’ ಬೇಡ, ಯಾವ ಅಕ್ಷರಗಳಿವೆ ಎನ್ನುವುದು ಬೇರೆ, ಅವನ್ನು ಬೈಟ್ ಮಾಡುವುದು ಹೇಗೆ ಎನ್ನುವುದು ಬೇರೆ. ಆದರೆ ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ಎರಡನ್ನೂ ಸೇರಿಸಿ ‘ಕ್ಯಾರೆಕ್ಟರ್ ಸೆಟ್’ ಎಂದುಬಿಡುತ್ತದೆ. ಅದರಲ್ಲಿ ಇದೇ ಮಾತನ್ನು ಸರ್ವರ್‌ಗೆ ಹೇಳುವ ಆಜ್ಞೆ ‘ಸೆಟ್ ನೇಮ್ಸ್’, ಆದರೆ ಅದು ಯಾವುದಕ್ಕೂ ಹೆಸರಿಡುವುದಿಲ್ಲ ಅಲ್ವಾ? ಹೆಸರಿಡುವುದರಲ್ಲಿ ಅವರೂ ನಮ್ಮ ಹಾಗೇ ಒದ್ದಾಡಿದ್ದಾರೆ.

‘ಅಕ್ಷರ ಪದ್ಧತಿ’ಯಲ್ಲೂ ಒಂದು ಮುಳ್ಳಿದೆ. ‘ಕ್ಷ’ ನಮಗೆ ಒಂದೇ ಅಕ್ಷರ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ಗೆ ಅದು ಕ, ವಿರಾಮ (ಅರ್ಧಾಕ್ಷರ ಮಾಡುವ ಚಿಹ್ನೆ), ಷ ಎಂಬ 3 ಸಂಖ್ಯೆ. ಯುಟಿಎಫ್-8ರಲ್ಲಿ 9 ಬೈಟ್. ‘ಕ್ಯಾರೆಕ್ಟರ್’ಗೆ ‘ಅಕ್ಷರ’ ಎಂದರೆ ಉದ್ದ ಎಣಿಸುವ ಅಧ್ಯಾಯದಲ್ಲಿ ಜಗಳ ಗ್ಯಾರಂಟಿ. ಸದ್ಯಕ್ಕೆ ಅದನ್ನು ನುಂಗಿಕೊಂಡಿದ್ದೇನೆ.

‘ಕ್ಲೈಂಟ್’ ಹಾಗೇ ಇರಲಿ. ‘ಸೆಟ್’ ಎಂಬ ಕ್ರಿಯೆಗೆ ‘ಘೋಷಿಸು’ ನೋಡಿದೆ, ಆದರೆ ಅದನ್ನು ವೇರಿಯಬಲ್‌ಗಳಿಗೆ ಆಗಲೇ ಬಳಸಿಬಿಟ್ಟಿದ್ದೇನೆ. ಈಗ ಸಾಲು ಹೀಗಿದೆ: ‘ಕ್ಲೈಂಟ್‌ನ ಅಕ್ಷರ ಪದ್ಧತಿಯನ್ನು ಸರ್ವರ್‌ಗೆ ತಿಳಿಸಿ.’ ಅದೇ ಗೆಳೆಯರಿಗೆ ತೋರಿಸಿದೆ. ಈ ಸಲ ಬ್ಯಾಕಪ್ ಮಾತು ಬರಲಿಲ್ಲ. ‘ತಿಳಿಸು’ ತೀರಾ ಸಾದಾ ಆಯಿತೇ? ನಿಮಗೇನನಿಸುತ್ತದೆ?

ಇನ್ನೊಂದು. ಪದ್ಧತಿ ತಪ್ಪಿ ಕಲಸುಮೇಲೋಗರವಾದ ಅಕ್ಷರಗಳಿಗೆ ಜಪಾನಿಯರಲ್ಲಿ ‘ಮೋಜಿಬಾಕೆ’ ಎಂಬ ಪದವಿದೆ. ಅಕ್ಷರಗಳು ವೇಷ ಬದಲಿಸಿದವು ಎಂಬ ಅರ್ಥ. ನಾವು ಚೌಕ ಬಂದರೂ, ಪ್ರಶ್ನೆ ಚಿಹ್ನೆ ಬಂದರೂ, ಕೊಂಬಿಟ್ಟ ರೋಮನ್ ಅಕ್ಷರ ಬಂದರೂ ‘ಜಂಕ್ ಬರ್ತಿದೆ’ ಎನ್ನುತ್ತೇವೆ. ಆದರೆ ಚೌಕ ಸಾಮಾನ್ಯವಾಗಿ ಫಾಂಟ್ ಇಲ್ಲದ್ದಕ್ಕೆ, ಪ್ರಶ್ನೆ ಚಿಹ್ನೆ ಅಕ್ಷರ ಕಳೆದುಹೋಗಿದ್ದಕ್ಕೆ. ಮೂರನೆಯದು ಮಾತ್ರ ಮೋಜಿಬಾಕೆ. ಅದಕ್ಕೆ ನಿಮ್ಮ ಕಡೆ ಯಾರಾದರೂ ಕನ್ನಡದ ಪದ ಬಳಸುವುದನ್ನು ಕೇಳಿದ್ದೀರಾ? ‘ಅಕ್ಷರವೇಷ’ ಅಂತ ಬರೆದು ನೋಡಿದೆ, ಯಕ್ಷಗಾನದ ಹಾಗೆ ಕಂಡಿತು.